ಮದಕಕ್ಕೆ ಬಿಟ್ಟ ಇಪ್ಪತ್ತೊಂದು ಮೀನು

ಸೆಪ್ಟೆಂಬರ್ ಹದಿನೆಂಟರ ಬೆಳಿಗ್ಗೆ ಹತ್ತೂ ಕಾಲು ಗಂಟೆಗೆ ಸಿದ್ಧಕಟ್ಟೆಯ ಮದಕದಲ್ಲಿ ಒಂದೇ ಒಂದು ಗೊದಮೊಟ್ಟೆ ಸಿಗಲಿಲ್ಲ. ಐದು ಜಾಗದಲ್ಲಿ ಹತ್ತು ಹತ್ತು ಸಲ, ಒಟ್ಟು ಐವತ್ತು ಸಲ ಮಕ್ಕಳು ಬಲೆ ಅದ್ದಿ ತೆಗೆದದ್ದಾಗಿತ್ತು. ಕೊನೆಯ ಸಲ ಬಂದದ್ದು ಕೊಳೆತ ಎಲೆ ಮತ್ತು ಒಂದು ಬಸವನಹುಳು.

ಗುಡ್ಡದಿಂದ ಇಳಿಯುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ ಹಿಂದಿನವರು ಮಾಡಿದ ಆ ಮದಕ ಹೇಮಚಂದ್ರನ ಮನೆತನದ್ದು. ಏರಿಯ ಮೇಲೆ ‘ಇಲ್ಲಿ ಮೀನು ಹಿಡಿಯಬಾರದು’ ಎಂಬ ಹಲಗೆ ಅವನ ಅಜ್ಜನ ಕಾಲದಿಂದ ಇದೆ. ಬಣ್ಣ ಮಾಸಿದಾಗ ಮನೆಯವರು ಮತ್ತೆ ಬರೆಸುತ್ತಾರೆ. ಜೈನರ ಮನೆಯ ಮದಕಕ್ಕೆ ಗಾಳ ಹಾಕಲು ಊರಿನಲ್ಲಿ ಯಾರೂ ಹೋದವರಲ್ಲ.

ಹೇಮಚಂದ್ರ ಹತ್ತಿರದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದಾನೆ. ಪರಿಸರದ ಪಾಠವನ್ನು ಅವನು ತರಗತಿಯೊಳಗೆ ಮಾಡುವುದಿಲ್ಲ. ಒಂಬತ್ತನೆಯ ತರಗತಿಯವರನ್ನು ಏರಿಯ ಮೇಲೆ ಕೂರಿಸಿ, ಒಂದು ಕಪ್ಪೆಯನ್ನು ತೋರಿಸಿ, ಇದು ಜೀವಿ ಎನ್ನುತ್ತಾನೆ. ಮದಕದಲ್ಲಿರುವ ಈ ಜಾತಿಯ ಕಪ್ಪೆಗಳೆಲ್ಲ ಸೇರಿದರೆ ಸಂದಣಿ. ಕಪ್ಪೆ, ಮೀನು, ಹಾವು, ಪಾಚಿ, ಹುಳು ಎಲ್ಲವೂ ಸೇರಿದರೆ ಸಮುದಾಯ. ಅದಕ್ಕೆ ನೀರು, ಕೆಸರು, ಬಿಸಿಲನ್ನು ಸೇರಿಸಿದರೆ ಪರಿಸರ ವ್ಯವಸ್ಥೆ. ಇಷ್ಟು ಹೇಳಿದ ಮೇಲೆ ಎಣಿಸಲು ಇಳಿಸುತ್ತಾನೆ. ಸೊಳ್ಳೆಪರದೆಯನ್ನು ತಂತಿಯ ಬಳೆಗೆ ಹೊಲಿದು ಬಿದಿರಿನ ಕೋಲಿಗೆ ಕಟ್ಟಿದ ಬಲೆ ಅವನೇ ಮಾಡಿದ್ದು. ಸಿಕ್ಕಿದ್ದನ್ನು ಬಾಲ್ದಿಯಲ್ಲಿ ಎಣಿಸಿ ಹಾಗೆಯೇ ನೀರಿಗೆ ಬಿಡಬೇಕು. ಒಂದೂ ಸಾಯಬಾರದು.

ಲೆಕ್ಕವನ್ನು ಬರೆಯುವ ಉದ್ದದ ಪುಸ್ತಕದಲ್ಲಿ ಎರಡು ವರ್ಷದ ಹಿಂದಿನ ಪುಟ ತುಂಬಿತ್ತು: ಗೊದಮೊಟ್ಟೆ ಅರವತ್ತಮೂರು, ಐದು ಜಾತಿಯ ಸಣ್ಣ ಮೀನು ನಲವತ್ತೊಂದು, ಏರೋಪ್ಲೇನ್ ಚಿಟ್ಟೆಯ ಮರಿ ಹತ್ತೊಂಬತ್ತು. ಕಳೆದ ವರ್ಷ ಅದೆಲ್ಲ ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ಪುಟದ ಕೊನೆಯಲ್ಲಿ ‘ಕಾರಣ’ ಎಂಬ ಸಾಲಿದೆ. ಹೇಮಚಂದ್ರ ಅಲ್ಲಿ, ಗುಡ್ಡದ ಮೇಲಿನ ಸಂಕಪ್ಪನ ಅಡಿಕೆ ತೋಟಕ್ಕೆ ಹೊಡೆದ ಮೈಲುತುತ್ತಿನ ಮದ್ದು ಮಳೆನೀರಿನಲ್ಲಿ ಇಳಿದದ್ದು ಎಂದು ಬರೆಸಿದ್ದ. ಆ ವರದಿ ಬಂಟ್ವಾಳದ ತಾಲೂಕು ಮಟ್ಟದ ವಿಜ್ಞಾನ ಪ್ರದರ್ಶನಕ್ಕೆ ಹೋಯಿತು. ಅಂದಿನಿಂದ ಸಂಕಪ್ಪ ಎದುರು ಸಿಕ್ಕಿದರೆ ಮುಖ ತಿರುಗಿಸುತ್ತಿದ್ದ. ಈ ವರ್ಷ ಆತ ತೋಟಕ್ಕೆ ಮದ್ದು ಹೊಡೆಸಿರಲಿಲ್ಲ. ಆದರೂ ಬಲೆಯಲ್ಲಿ ಏನೂ ಇಲ್ಲ.

“ಸಾರ್, ಬಸವನಹುಳುವನ್ನು ಎರಡು ಸಲ ಬರೆಯುವ, ಪುಟ ಖಾಲಿ ಕಾಣುವುದಿಲ್ಲ” ಎಂದ ಅಂಕಿತ್. ಕೆಲವರು ನಕ್ಕರು.

ಅಷ್ಟರಲ್ಲಿ ನಡುಮದಕದಲ್ಲಿ ನೀರು ಕದಡಿತು. ಅಂಗೈಗಿಂತ ಅಗಲದ ಚಪ್ಪಟೆ ತಲೆಯೊಂದು ಮೇಲೆ ಬಂದು ಗಾಳಿ ನುಂಗಿ ಮುಳುಗಿತು. ಆಚೆ ಇನ್ನೊಂದು, ತಾವರೆ ಎಲೆಯ ಪಕ್ಕ ಮತ್ತೊಂದು. ಸಾತ್ವಿಕಾ ಎಂಬ ಹುಡುಗಿ ಬೆರಳಿಟ್ಟು ಎಣಿಸಿದಳು. ಹತ್ತು ನಿಮಿಷದಲ್ಲಿ ಇಪ್ಪತ್ತಾರು. ದೊಡ್ಡವು ಕಡಿಮೆ, ಸಣ್ಣವು ಹೆಚ್ಚು ಇರಬೇಕೆಂದಲ್ಲವೇ ಪಾಠದಲ್ಲಿ ಇರುವುದು, ಇಲ್ಲಿ ತಲೆಕೆಳಗಾಗಿದೆಯಲ್ಲ ಎಂದು ಅವಳು ಕೇಳಿದಳು. ತನ್ನ ಅಜ್ಜನಿಗೆ ಮೀನೆಂದರೆ ಗೊತ್ತು, ಕರೆದುಕೊಂಡು ಬರಲೇ ಎಂದಳು.

ಶನಿವಾರ ಕರೆದುಕೊಂಡು ಬಾ ಎಂದ ಹೇಮಚಂದ್ರ. ಆ ತಲೆಯನ್ನು ಅವನು ಹಿಂದೆ ನೋಡಿದ್ದ.

ಮೂರು ವರ್ಷದ ಹಿಂದೆ ಹೆಂಡತಿ ಪ್ರಭಾವತಿ ಮಂಗಳೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ದಿನ ಮಲಗಿದ್ದಳು. ಅದರಲ್ಲಿ ಒಂಬತ್ತು ದಿನ ಪ್ರಜ್ಞೆ ಇರಲಿಲ್ಲ. ಅವಳು ಎದ್ದು ಮನೆಗೆ ಬಂದರೆ, ಆಸ್ಪತ್ರೆಯಲ್ಲಿ ಕಳೆದ ದಿನಗಳಷ್ಟೇ ಜೀವಗಳಿಗೆ ಅಭಯ ಕೊಡುತ್ತೇನೆಂದು ಹೇಮಚಂದ್ರ ಬಸದಿಯಲ್ಲಿ ನಿಂತು ಹೇಳಿಕೊಂಡಿದ್ದ. ಕೊಲ್ಲಲು ಇಟ್ಟ ಜೀವವನ್ನು ಬಿಡಿಸಿ ಬದುಕಲು ಬಿಡುವುದು ಅವನ ಮನೆಯಲ್ಲಿ ಹೊಸದಲ್ಲ. ಅವಳು ಬಂದಳು. ಪಾಣೆಮಂಗಳೂರಿನ ಮೀನು ಮಾರ್ಕೆಟ್ಟಿಗೆ ಹೋದರೆ ಬಂಗುಡೆ, ಬೂತಾಯಿ ಎಲ್ಲ ಮಂಜುಗಡ್ಡೆಯ ಮೇಲೆ ಸತ್ತು ಬಿದ್ದಿದ್ದವು. ಜೀವಂತ ಇದ್ದದ್ದು ಮೂಲೆಯ ನೀಲಿ ಡ್ರಮ್ಮಿನಲ್ಲಿ ಒಂದರ ಮೇಲೊಂದು ಹೊರಳುತ್ತಿದ್ದ ಮೀಸೆಯ ಮೀನುಗಳು ಮಾತ್ರ. ಯಾವ ಮೀನೆಂದು ಕೇಳಿದ್ದಕ್ಕೆ ಮಾರುವವನು ಮುಗುಡು ಎಂದ. ಮುಗುಡು ಊರಿನ ಗದ್ದೆಯಲ್ಲೂ ಇರುವ ಮೀನು. ಹೇಮಚಂದ್ರ ಮತ್ತೇನೂ ಕೇಳಲಿಲ್ಲ. ಬಾಡಿಗೆಯ ಪಿಕಪ್ಪಿನಲ್ಲಿ ಡ್ರಮ್ ತಂದು ಇಪ್ಪತ್ತೊಂದನ್ನೂ ಮದಕಕ್ಕೆ ಬಿಟ್ಟ. ಪ್ರಭಾವತಿ ಏರಿಯ ಮೇಲೆ ಕುರ್ಚಿ ಹಾಕಿ ಕೂತು ನೋಡಿದ್ದಳು.

ಸಾತ್ವಿಕಾಳ ಅಜ್ಜ ತುಕ್ರಪ್ಪ ಶನಿವಾರ ಮಧ್ಯಾಹ್ನ ಬೀಸುಬಲೆ ಹಿಡಿದು ಬಂದ. ಹಲಗೆಯ ಹತ್ತಿರ ನಿಂತು, ಇದನ್ನು ದಾಟಲು ಅಪ್ಪಣೆ ಉಂಟಾ ಎಂದು ಕೇಳಿದ. ಹೇಮಚಂದ್ರ ತಲೆಯಾಡಿಸಿದ. ಒಂದೇ ಬೀಸಿಗೆ ಮೂರು ಬಿದ್ದವು. ದೊಡ್ಡದು ತುಕ್ರಪ್ಪನ ತೋಳಿಗಿಂತ ಉದ್ದ ಇತ್ತು.

“ಇದು ನಮ್ಮ ಮುಗುಡು ಅಲ್ಲ ಮಾಸ್ಟ್ರೇ” ಎಂದ ತುಕ್ರಪ್ಪ. “ನಮ್ಮದು ಗೇಣುದ್ದದ ಮೇಲೆ ಬೆಳೆಯಲಿಕ್ಕೆ ನಾಚುತ್ತದೆ. ಇದು ಹೊರಗಿನದ್ದು. ಇದಕ್ಕೆ ಹೊಟ್ಟೆ ಒಂದೇ ಇರುವುದು, ಬೇರೆ ಎಂತದೂ ಇಲ್ಲ.”

ಹೊಟ್ಟೆ ಕೊಯ್ದು ತೋರಿಸಲಾ ಎಂದೂ ಕೇಳಿದ. ಮೂವತ್ತೊಂದು ವರ್ಷದಲ್ಲಿ ಹೇಮಚಂದ್ರ ತರಗತಿಯಲ್ಲಿ ಒಂದು ಜೀವವನ್ನೂ ಕೊಯ್ದವನಲ್ಲ. ಕಪ್ಪೆಯ ಕರುಳು, ಮೀನಿನ ಕಿವಿರು ಎಲ್ಲ ಬಣ್ಣದ ಸೀಮೆಸುಣ್ಣದಲ್ಲೇ ಆಗಿತ್ತು. ಎಂಟು ಮಕ್ಕಳು ಸುತ್ತ ನಿಂತು ಅವನ ಮುಖ ನೋಡುತ್ತಿದ್ದರು. ಕೊಯ್ಯಲು ಹೇಳಿದ.

ಅಡಿಕೆ ಹಾಳೆಯ ಮೇಲೆ ತುಕ್ರಪ್ಪ ಒಂದೊಂದಾಗಿ ತೆಗೆದಿಟ್ಟ. ಅರ್ಧ ಕರಗಿದ ಕಪ್ಪೆ, ನೀರುಹಾವಿನ ತುಂಡು, ಹುಂಡುಕೋಳಿ ಎಂಬ ನೀರುಹಕ್ಕಿಯ ಮರಿಯ ಎರಡು ಕಾಲು. ಕೊನೆಗೆ ಅದೇ ಜಾತಿಯ ನಾಲ್ಕು ಮರಿ ಮೀನುಗಳು. ತಿನ್ನಲಿಕ್ಕೆ ಬೇರೆ ಸಿಗದೆ ತಮ್ಮದನ್ನೇ ತಿನ್ನಲು ಶುರುಮಾಡಿದ್ದಾವೆ ಎಂದು ತುಕ್ರಪ್ಪ ವಿವರಿಸಿದ. ಸಾತ್ವಿಕಾ ಎಲ್ಲವನ್ನೂ ಬರೆದುಕೊಂಡು ಕಾರಣದ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು.

“ಯಾರು ತಂದು ಹಾಕಿದ್ದು ಸಾರ್ ಇದನ್ನು?”

ಗೊತ್ತಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸಂಕಪ್ಪನ ಹೆಸರು ಹಳೆಯ ಪುಟದಲ್ಲಿ ಹಾಗೆಯೇ ಉಳಿಯುತ್ತಿತ್ತು.

“ನಾನು” ಎಂದ ಹೇಮಚಂದ್ರ. “ಇಪ್ಪತ್ತೊಂದು. ಬದುಕಲಿ ಎಂದು ಬಿಟ್ಟದ್ದು.”

ಸಾತ್ವಿಕಾ, ಇಪ್ಪತ್ತೊಂದು ಜೀವಿಯನ್ನು ಉಳಿಸಿದ್ದು ಎಂದು ಬರೆಯುವುದಾ, ಕಪ್ಪೆಯ ಸಂದಣಿ ಹೋದದ್ದು ಎಂದು ಬರೆಯುವುದಾ ಎಂದು ಕೇಳಿದಳು. ಕುಹಕದ ಪ್ರಶ್ನೆಯಲ್ಲ ಅದು. ಅವಳಿಗೆ ಸಾಲು ತುಂಬಬೇಕಿತ್ತು. ಎರಡನ್ನೂ ಬರೆ ಎಂದು ಹೇಳಿ ಹೇಮಚಂದ್ರ ಬಾಲ್ದಿ ತೊಳೆಯಲು ಹೋದ.

ಅವನ ಹಳೆಯ ವಿದ್ಯಾರ್ಥಿ ಅಮಲ್ ಮೀನು ಸಾಕಣೆಯ ವಿಷಯ ಓದಿ ಬೆಳ್ತಂಗಡಿಯಲ್ಲಿ ಕೆಲಸದಲ್ಲಿದ್ದ. ಹೇಮಚಂದ್ರ ಕಳಿಸಿದ ಮೀನಿನ ಫೋಟೋ ನೋಡಿದ ಕೂಡಲೇ ಫೋನ್ ಮಾಡಿದ. ಇದು ಆಫ್ರಿಕಾದ ಜಾತಿ, ಸಾಕುವುದಕ್ಕೇ ನಿಷೇಧ ಇದೆ, ಬೇರೆ ನೀರಿಗೆ ಒಯ್ದು ಬಿಡುವಂತೆಯೇ ಇಲ್ಲ ಎಂದ. ಬೇಸಗೆಯಲ್ಲಿ ಮದಕವನ್ನು ಪೂರ್ತಿ ಬತ್ತಿಸಿ, ಎಲ್ಲವನ್ನೂ ಕೊಂದು ಹೂಳಬೇಕು. ಕೆಸರಿನೊಳಗೆ ಉಳಿದವೂ ಸಾಯುವ ಹಾಗೆ ಸುಣ್ಣ ಹಾಕಬೇಕು. ಸುಣ್ಣ ಹಾಕಿದರೆ ಬೇರೆ ಜೀವಗಳೂ ಉಳಿಯುವುದಿಲ್ಲ.

“ಮಳೆಗಾಲದಲ್ಲಿ ಮದಕ ತುಂಬಿ ಹರಿಯುತ್ತದಾ ಸಾರ್?” ಎಂದು ಕೊನೆಗೆ ಕೇಳಿದ.

ಹರಿಯುತ್ತದೆ, ಏರಿಯ ಕೋಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಎಂದ ಹೇಮಚಂದ್ರ. ಬಿಟ್ಟು ಎಷ್ಟು ಮಳೆಗಾಲ ಆಯಿತು ಎಂದು ಅಮಲ್ ಕೇಳಿದ.

ವಿಷಯವನ್ನು ಮನೆಯಲ್ಲಿ ಹೇಳಲು ಹೇಮಚಂದ್ರನಿಗೆ ಎರಡು ವಾರ ಬೇಕಾಯಿತು. ಪ್ರಭಾವತಿ ಅವಲಕ್ಕಿ ಕಲಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಎಷ್ಟಾಗಿರಬಹುದು ಈಗ ಎಂದು ಕೇಳಿದಳು. ನೂರರ ಮೇಲೆ ಎಂದ.

“ಬಿಟ್ಟದ್ದು ನನ್ನ ಲೆಕ್ಕಕ್ಕಲ್ಲವಾ? ಕೊಲ್ಲುವುದೂ ನನ್ನ ಲೆಕ್ಕಕ್ಕೇ ಬರುತ್ತದಾ?”

ಅವಳು ತಟ್ಟೆಯನ್ನು ಅವನ ಮುಂದಿಟ್ಟು, “ನಾನು ಬೇಡ ಎಂದು ಹೇಳುವುದಿಲ್ಲ. ನನ್ನನ್ನು ಕೇಳಿ ಬಿಟ್ಟದ್ದಲ್ಲ, ನನ್ನನ್ನು ಕೇಳಿ ಕೊಲ್ಲುವುದೂ ಬೇಡ” ಎಂದಳು.

ಫೆಬ್ರವರಿಯಲ್ಲಿ ಮದಕ ಬತ್ತಿಸುವ ಎಂದುಕೊಂಡದ್ದು ಪರೀಕ್ಷೆಯ ನೆಪದಲ್ಲಿ ಮಾರ್ಚಿಗೆ ಹೋಯಿತು, ಮಾರ್ಚಿನದ್ದು ಏಪ್ರಿಲ್ ದಾಟಿತು. ತುಕ್ರಪ್ಪ ಎರಡು ಸಲ ಬಂದು, ಬಲೆಯಿಂದಾದರೂ ಅಷ್ಟಿಷ್ಟು ತೆಗೆಯುತ್ತೇನೆ ಎಂದ. ಹೇಮಚಂದ್ರ ಎರಡು ಸಲವೂ, ನೋಡುವ ಎಂದು ಹೇಳಿ ಕಳಿಸಿದ. ಮೂರನೆಯ ಸಲ ತುಕ್ರಪ್ಪ ಬರಲಿಲ್ಲ, ಮೊಮ್ಮಗಳನ್ನು ಕಳಿಸಿದ. ಅವಳು ಪುಸ್ತಕ ಹಿಡಿದುಕೊಂಡು ಅಂಗಳದಲ್ಲಿ ನಿಂತು, ಹುಂಡುಕೋಳಿ ಈ ವರ್ಷ ಮದಕದಲ್ಲಿ ಗೂಡು ಕಟ್ಟಲಿಲ್ಲ, ಅದನ್ನೂ ಬರೆಯಲಾ ಸಾರ್ ಎಂದು ಕೇಳಿದಳು.

ಮರುದಿನ ಹೇಮಚಂದ್ರ ಸಂಕಪ್ಪನ ಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ, ಡೀಸೆಲ್ ಪಂಪು ಕೇಳಿದ. ಸಂಕಪ್ಪ ಕೂರಲು ಹೇಳಲಿಲ್ಲ. “ಪಂಪು ಕೊಂಡುಹೋಗಿ ಮಾಸ್ಟ್ರೇ. ಬಂಟ್ವಾಳದಲ್ಲಿ ನನ್ನ ಹೆಸರು ಓದಿದವರನ್ನೆಲ್ಲ ಎಲ್ಲಿಂದ ಹುಡುಕಿ ತರ್ತೀರಿ?” ಎಂದ.

ಮೇ ಆರರಂದು ಪಂಪು ಶುರುವಾಯಿತು. ಪ್ರಭಾವತಿ ಹಿಂದಿನ ದಿನವೇ ಮೂಡುಬಿದಿರೆಯ ತಂಗಿಯ ಮನೆಗೆ ಹೋಗಿದ್ದಳು. ನೀರು ತಗ್ಗಿದ ಹಾಗೆ ಮೀನುಗಳು ನಡುವಿನ ಹೊಂಡಕ್ಕೆ ಸೇರಿಕೊಂಡವು. ಮೂರನೆಯ ದಿನ ಅಲ್ಲಿ ಕಂಡದ್ದು ನೀರಲ್ಲ, ಬೆನ್ನಿನ ಮೇಲೆ ಬೆನ್ನು. ತುಕ್ರಪ್ಪ ಮತ್ತು ಇಬ್ಬರು ಆಳುಗಳು ಇಳಿದು ಮರದ ಕೊಡತಿಯಿಂದ ತಲೆಗೆ ಹೊಡೆದರು. ಕೆಲವು ಮೀನುಗಳಿಗೆ ಒಂದು ಹೊಡೆತ ಸಾಕಾಗಲಿಲ್ಲ. ಏರಿಯ ಮೇಲೆ ನಿಂತಿರುವುದು ಸರಿಯಲ್ಲವೆಂದು ಕಂಡು ಹೇಮಚಂದ್ರ ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದ. ಕೊಡತಿ ಅವನ ಕೈಯಲ್ಲಿ ಸರಿಯಾಗಿ ನಿಲ್ಲಲಿಲ್ಲ. ಒಂದು ಮೀನಿಗೆ ಐದು ಸಲ ಹೊಡೆದ. “ನೀವು ಎಣಿಸಿ ಮಾಸ್ಟ್ರೇ, ಅದು ಸಾಕು” ಎಂದು ತುಕ್ರಪ್ಪ ಕೊಡತಿಯನ್ನು ತೆಗೆದುಕೊಂಡ.

ಸಂಜೆಯ ಹೊತ್ತಿಗೆ ನೂರ ಮೂವತ್ತನಾಲ್ಕು ಆಯಿತು. ಊರಿನ ಮುಗುಡು ಒಂದೂ ಇರಲಿಲ್ಲ. ಗುಡ್ಡದ ಬದಿಯಲ್ಲಿ ಹೊಂಡ ತೋಡಿ ಹೂತರು, ಕೆಸರಿಗೆ ಹನ್ನೆರಡು ಚೀಲ ಸುಣ್ಣ ಹರಡಿದರು. ಮರುದಿನ ಮದಕ ಬೆಳ್ಳಗೆ ಕಂಡಿತು. ಬಸವನಹುಳುಗಳು ದಡದಲ್ಲಿ ಬಾಯಿ ಬಿಟ್ಟು ಬಿದ್ದಿದ್ದವು.

ಹತ್ತು ದಿನ ಬಿಟ್ಟು ಪ್ರಭಾವತಿ ಬಂದಳು. ಮದಕದ ಕಡೆ ಹೋಗಲಿಲ್ಲ. ಎಷ್ಟು ಎಂದು ಮಾತ್ರ ಕೇಳಿದಳು. ಹೇಮಚಂದ್ರ ಹೇಳಿದ. ಅವಳು ಅಷ್ಟು ದಿನ ಒಂದೇ ಹೊತ್ತು ಊಟ ಮಾಡುತ್ತೇನೆಂದು ಹೇಳಿ, ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿನವರೆಗೆ ಗುರುತು ಹಾಕಿದಳು.

ಜೂನ್ ಹನ್ನೊಂದರ ರಾತ್ರಿ ಜೋರು ಮಳೆ ಬಂತು. ಮೊದಲ ನೆರೆಗೆ ಮೊಟ್ಟೆ ಇಡಲು ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಹಿಡಿಯಲು ತುಕ್ರಪ್ಪ ಮದಕಕ್ಕಿಂತ ಮೂರು ಕಿಲೋಮೀಟರ್ ಕೆಳಗೆ ತೋಡಿಗೆ ಅಡ್ಡ ಬಲೆ ಕಟ್ಟಿದ್ದ. ಬೆಳಿಗ್ಗೆ ಆರೂವರೆಗೆ ಅದನ್ನು ಎತ್ತಿದಾಗ ಒಂಬತ್ತು ಮೀನು ಇದ್ದವು. ಒಂಬತ್ತೂ ಚಪ್ಪಟೆ ತಲೆಯವು, ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡಿದ್ದವು. ಸಾತ್ವಿಕಾ ತಾರೀಕು, ಗಂಟೆ, ಸಂಖ್ಯೆ ಬರೆದು ಪುಸ್ತಕವನ್ನು ಶಾಲೆಗೆ ಕೊಂಡುಹೋದಳು.