ಗಾದಿ ಬಟ್ಟೆಯ ಪೈಜಾಮ

'ಊಟ ಮೆಸ್ಸಿನವನ ಇಚ್ಛೆ, ಉಡುಪು ನಿದ್ದೆಯ ಇಚ್ಛೆ' ಎಂದು ದೊಡ್ಡವರು ಹೇಳಿದ್ದಾರೆ. ಹೇಳಿಲ್ಲವೇ? ಹಾಗಾದರೆ ಅವರು ಹಾಸ್ಟೆಲಿನಲ್ಲಿ ಇದ್ದವರಲ್ಲ. ನಾನು ಇದ್ದೆ. ಈಗ ಹೇಳುವುದು ನಡೆದ ಸಂಗತಿ. ಇದರಲ್ಲಿ ಸುಳ್ಳಿದ್ದರೆ ನನ್ನ ಲಾಡಿ ನಾಲ್ಕು ಜನರೆದುರು ಬಿಚ್ಚಿಹೋಗಲಿ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ನಾನು ಒಂದು ಪೈಜಾಮ. ಬಿಳಿಯ ಮೇಲೆ ನೀಲಿ ಪಟ್ಟೆ. ಗದಗಿನ ಸಿಂಪಿಗ ಮೌನೇಶಪ್ಪನ ಅಂಗಡಿಯಲ್ಲಿ ಹುಟ್ಟಿದೆ. ಹೊಂಬಳ ಮನೆತನದವರು ಮಗನ ಹಾಸ್ಟೆಲ್ ಗಾದಿಗೆಂದು ತಂದ ಬಟ್ಟೆಯಲ್ಲಿ ಎರಡೂವರೆ ಮೀಟರು ಉಳಿದಿತ್ತು. ಒಡಹುಟ್ಟು ಗಾದಿಯಾಗಿ ಮಲಗಿತು, ನನಗೆ ಕಾಲು ಬಂದವು. ಮೊದಲ ಹೊಲಿಗೆಗೇ ಸೂಜಿ ಮುರಿಯಿತು. "ಇದು ಯಾರದರ ಮಾನ ತೆಗೀತೈತಿ ನೋಡು" ಎಂದು ಗೊಣಗಿ ಮೌನೇಶಪ್ಪ ಬೇರೆ ಸೂಜಿ ಪೋಣಿಸಿದ. ಮಾನ ಮುಚ್ಚಲೆಂದೇ ಹುಟ್ಟಿದ ನನಗೆ ಆ ಮಾತು ಮುಳ್ಳಿನಂತೆ ಚುಚ್ಚಿಕೊಂಡಿತು.

ಆ ಮಗನೇ ನನ್ನ ಒಡೆಯ ಸಂಗಮೇಶ. ಗೆಳೆಯರ ಬಾಯಲ್ಲಿ ಸಂಗ್ಯಾ. ಹಾಸ್ಟೆಲಿನ ಮಡಿವಾಳ ನನ್ನ ಬಲಗಾಲಿನ ಅಂಚಿಗೆ ಅಳಿಸಲಾಗದ ಮಸಿಯಲ್ಲಿ 'ಹೊಂಬಳ, ರೂಂ ೧೪' ಎಂದು ಬರೆದ. ಸಂಗ್ಯಾ ಎಂಟರ ಕ್ಲಾಸಿಗೆ ಏಳು ಐವತ್ತೆಂಟಕ್ಕೆ ಏಳುತ್ತಿದ್ದ. ಮುಖಕ್ಕೆ ನೀರು, ಕೈಗೆ ನೋಟ್‌ಬುಕ್, ಕಾಲಿಗೆ ನಾನು. ಅವನ ಇನ್ನೊಂದು ಗುಣವೆಂದರೆ ಗಂಟಲು. ಯಾರ ದನಿಯನ್ನಾದರೂ ಕದಿಯುತ್ತಿದ್ದ. ಎರಡು ಸಲ ಕೆಮ್ಮಿ, "ತಿಳೀತಿಲ್ಲೊ?" ಎಂದನೆಂದರೆ ಪ್ರಿನ್ಸಿಪಾಲರೇ ಬಂದರೆಂದು ಬೀದಿನಾಯಿಯೂ ಬಾಲ ಮುದುರುತ್ತಿತ್ತು.

ಅರ್ಥಶಾಸ್ತ್ರದ ಸೂಡಿ ಸರ್‌ಗೆ ಮಾತ್ರ ನನ್ನನ್ನು ಕಂಡರಾಗುತ್ತಿರಲಿಲ್ಲ. ಅವರು ಹನ್ನೊಂದು ವರ್ಷದಿಂದ ಹಂಗಾಮಿ ಉಪನ್ಯಾಸಕರು. ಪ್ರತಿ ಜೂನಿನಲ್ಲಿ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಅವರ ಪ್ಯಾಂಟಿನ ಗೆರೆಯ ಮೇಲೆ ಇರುವೆಯೂ ದಾರಿ ತಪ್ಪುತ್ತಿರಲಿಲ್ಲ.

"ಏನಪಾ ಹೊಂಬಳ, ಗಾದಿ ತಾನ ಎದ್ದು ಕ್ಲಾಸಿಗೆ ನಡಕೊಂತ ಬಂತೇನು? ಹೋಗು, ಹೊರಗ ಹಾಸ್ಕೊ."

ಇಡೀ ಕ್ಲಾಸು ನಕ್ಕಿತು. ಎಲ್ಲರನ್ನೂ ನಗಿಸುವವನಿಗೆ ತಾನು ನಗೆಯಾಗುವುದು ಸಹಿಸದು. ಸಂಗ್ಯಾ ಹಟ ಹಿಡಿದು ಮರುದಿನವೂ ನನ್ನನ್ನೇ ತೊಟ್ಟ. ಮೂರು ದಿನ ಹೊರಗೆ ನಿಂತ. ನಿಂತಷ್ಟೂ ಹೊತ್ತು ಅವನ ಕಾಲು ಒಂದೇ ಸಮನೆ ತಾಳ ಹಾಕುತ್ತಿತ್ತು. ಅದು ಒಳ್ಳೆಯ ತಾಳವಲ್ಲ ಎಂದು ನನಗೆ ಗೊತ್ತಾಗಿತ್ತು.

ಅದು ಕಾಲೇಜಿನಲ್ಲಿ ದಿನಕ್ಕೊಂದು ವೇಷದ ವಾರ. ಮಂಗಳವಾರ ಪಂಚೆಯ ದಿನ. ಪ್ರಿನ್ಸಿಪಾಲರೂ ಪಂಚೆಯಲ್ಲಿ ಬಂದಿದ್ದರು. ಹಿಂದಿನ ವರ್ಷ ಆ ದಿನ ಪ್ಯಾಂಟಿನಲ್ಲೇ ಬಂದು ಸೂಡಿ ಸರ್ ಸಿಬ್ಬಂದಿಯೆದುರು ಬೈಸಿಕೊಂಡಿದ್ದರಂತೆ. ಗುರುವಾರ ಜವಾನ ಸೂಚನಾ ಪುಸ್ತಕ ಹಿಡಿದು ಬಂದ. ಕ್ಲಾಸಿಗೆ ಕ್ಲಾಸು ಅಲೆದು ಸೋತವನು ಬಾಗಿಲಲ್ಲಿ ನಿಂತ ಸಂಗ್ಯಾನ ಕೈಗೇ ಪುಸ್ತಕ ಕೊಟ್ಟ. "ಒಳಗ ಕೊಟ್ಟು ಸಹಿ ಮಾಡಿಸ್ಕೊಂಡ ಬಾರಪಾ."

ಇದಕ್ಕಾಗಿಯೇ ಕಾದಿದ್ದ ಸಂಗ್ಯಾ ಬರೆದಿಟ್ಟುಕೊಂಡಿದ್ದ ಚೀಟಿಯೊಂದನ್ನು ಪುಟಗಳ ನಡುವೆ ತುರುಕಿದ. 'ಸಿಬ್ಬಂದಿಗೆ ಮಾತ್ರ. ನಾಳೆ ರಾತ್ರಿಯುಡುಪಿನ ದಿನ. ಪೈಜಾಮ ಕಡ್ಡಾಯ. ಲುಂಗಿಗೆ ಅವಕಾಶವಿಲ್ಲ.' ಕೆಳಗೆ ಪ್ರಿನ್ಸಿಪಾಲರದೇ ಎನ್ನುವಂಥ ಸಹಿ. ಸೂಡಿ ಸರ್ ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಹನ್ನೊಂದು ವರ್ಷದ ಹಂಗಾಮಿ ಮನುಷ್ಯ ಸುತ್ತೋಲೆಯನ್ನು ಪ್ರಶ್ನಿಸುವುದಿಲ್ಲ. ಪುಸ್ತಕಕ್ಕೆ ಸಹಿ ಹಾಕಿ, ಚೀಟಿಯನ್ನು ಜೇಬಿಗಿಟ್ಟುಕೊಂಡರು. ಮಧ್ಯಾಹ್ನ ಬೀದಿಯ ಕಾಯಿನ್ ಫೋನಿನಿಂದ ಅವರ ಮನೆ ಮಾಲಿಕರ ನಂಬರಿಗೆ ಕರೆ ಹೋಯಿತು. ಎರಡು ಕೆಮ್ಮು. "ಸೂಡಿಯವರ, ನಾಳೆ ತಪ್ಪಿಸಬ್ಯಾಡ್ರಿ. ತಿಳೀತಿಲ್ಲೊ?" ಸುತ್ತ ನಿಂತ ಗೆಳೆಯರು ಹೊಟ್ಟೆ ಹಿಡಿದುಕೊಂಡರು. ನನ್ನ ಪಟ್ಟೆಗಳೆಲ್ಲ ತಣ್ಣಗಾದವು.

ಸಂಜೆ ಹದಿನಾಲ್ಕನೇ ರೂಮಿನ ಬಾಗಿಲು ತಟ್ಟಿದ ಸದ್ದು. ಸೂಡಿ ಸರ್! ಚಪ್ಪಲಿ ಹೊರಗೆ ಬಿಟ್ಟು ನಿಂತಿದ್ದರು.

"ತಮ್ಮಾ, ನಿಂದೊಂದು ಪೈಜಾಮ ಐತಲ್ಲ, ನಾಳಿಗೊಂದಿನ ಕೊಡ್ತಿ?"

"ಯಾ... ಯಾಕ್ರಿ ಸರ?"

"ಮ್ಯಾಲಿನವರ ಹುಕುಂ. ನಮ್ಮನಿಯಾಗ ಬರೇ ಲುಂಗಿ ಅದಾವು. ಪೈಜಾಮ ಅಂದ್ಕೂಡ್ಲೆ ನಿನ್ನ ಹೆಸರ ನೆನಪಾತು." ಸ್ವಲ್ಪ ನಕ್ಕು, ದನಿ ತಗ್ಗಿಸಿದರು. "ನಮ್ಮನ್ನ ಇಟ್ಕೋಬೇಕೊ ಬಿಡಬೇಕೊ ಅಂತ ನೋಡಾಕ ನಾಳೆನ ಕಮಿಟಿ ಬರಾಕತ್ತೈತಿ. ಅಂಥಾ ದಿನ ಇದನ್ನ್ಯಾಕ ಇಟ್ರೊ! ಆದ್ರ ಪ್ರಿನ್ಸಿಪಾಲರ ಫೋನ್ ಮಾಡ್ಯಾರ. ಒಲ್ಲೆ ಅನ್ನಾಕ ನಾ ಯಾರಪಾ?"

ಕಮಿಟಿಯ ಸುದ್ದಿ ಸಂಗ್ಯಾನಿಗೆ ಗೊತ್ತಿರಲಿಲ್ಲ. ಬಾಯಿ ತೆರೆದ. ಹಿಂದೆ ಗೆಳೆಯರು ನಗು ತಡೆಯಲು ದಿಂಬು ಕಚ್ಚಿಕೊಂಡಿದ್ದರು. ಊರಿನವರ ದನಿಯೆಲ್ಲ ಇದ್ದ ಗಂಟಲಿನಲ್ಲಿ ಅವನದೇ ದನಿ ಸಿಗಲಿಲ್ಲ. ಮರೆಗೆ ಹೋಗಿ ನನ್ನನ್ನು ಕಳಚಿದ. ಇನ್ನೂ ಬೆಚ್ಚಗಿದ್ದ ನನ್ನನ್ನು ಮಡಿಸಿ ಕೊಟ್ಟ.

ಸೂಡಿ ಸರ್ ಮನೆಯಲ್ಲಿ ಅವರ ಹೆಂಡತಿ ಗಂಗವ್ವ ನನ್ನನ್ನು ಒಗೆದು, ಬೆಳಿಗ್ಗೆ ಇಸ್ತ್ರಿ ಮಾಡಿದಳು, ಪ್ಯಾಂಟಿಗೆ ಎತ್ತುವಂತೆ ಗೆರೆ ಎತ್ತಿ. "ಇದನ್ನ ಹಾಕ್ಕೊಂಡ ಕಮಿಟಿ ಮುಂದ ನಿಂದರತೀರಿ? ನನಗ್ಯಾಕೊ ಎದಿ ಹೊಡಕೊಳ್ಳಾಕತ್ತೈತ್ರಿ." ನನಗೂ ಹಾಗೇ ಇತ್ತು. ಆದರೆ ಬಟ್ಟೆಗೆ ಬಾಯಿಲ್ಲ.

ಗೇಟಿನೊಳಗೆ ಕಾಲಿಟ್ಟಾಗ ಸುತ್ತ ನೋಡಿದೆ. ಜವಾನನ ಖಾಕಿ. ಗುಮಾಸ್ತರ ಟೆರಿಕಾಟ್. ಹುಡುಗರ ಜೀನ್ಸು. ನನ್ನ ಜಾತಿಯವರು ಒಬ್ಬರೂ ಇರಲಿಲ್ಲ. ಸೂಡಿ ಸರ್ ನಡಿಗೆ ನಿಧಾನವಾಯಿತು. "ಕಮಿಟಿ ಕರೀತೈತಿ, ಲಗೂನ ಬರ್ರಿ ಸರ" ಎಂದ ಜವಾನ ನನ್ನನ್ನು ಕಂಡು ತನ್ನ ಖಾಕಿಯನ್ನೊಮ್ಮೆ ನೋಡಿಕೊಂಡ.

ಒಳಗೆ ಮೇಜಿನಡಿ ನಾಲ್ಕು ಜೊತೆ ಬೂಟು. ನಾಲ್ಕೂ ಏಕಕಾಲಕ್ಕೆ ಅಲುಗಾಡುವುದನ್ನು ನಿಲ್ಲಿಸಿದವು.

"ಏನ್ರಿ ಇದು?" ಪ್ರಿನ್ಸಿಪಾಲರ ದನಿ. ಈ ಸಲ ಅಸಲಿ.

"ಸರ, ನೀವ ಫೋನಿನಾಗ..." ಸೂಡಿ ಸರ್ ಕೈ ಚೀಟಿಯಿದ್ದ ಜೇಬಿಗೆ ಹೋಯಿತು.

"ನಾ ಯಾವಾಗ ಫೋನ್ ಮಾಡೀನಿ? ನನ್ನ ಹೆಸರಿಲೆ ಯಾರರ ಮಾಡಿದ್ರ ಹೆಸರ ಹೇಳ್ರಿ. ಇವತ್ತ ಟಿ.ಸಿ. ಕೊಟ್ಟು ಹೊರಗ ಹಾಕ್ತೀನಿ. ತಿಳೀತಿಲ್ಲೊ?"

ಆ 'ತಿಳೀತಿಲ್ಲೊ' ಕೇಳಿದಾಗ ಸೂಡಿ ಸರ್‌ಗೆ ಎಲ್ಲವೂ ತಿಳಿಯಿತು. ಆ ದನಿ ಕದಿಯುವ ಗಂಟಲು ಕಾಲೇಜಿನಲ್ಲಿ ಒಂದೇ ಇತ್ತು. ಬಾಗಿಲ ಸಂದಿಯಲ್ಲಿ ಬಿಳಿಚಿಕೊಂಡ ಮುಖವೊಂದಿತ್ತು. ಸಂಗ್ಯಾ. ಅಂದು ಮೊದಲ ಸಲ ಪ್ಯಾಂಟು ತೊಟ್ಟಿದ್ದ. ನಿಜ ಹೇಳಬೇಕೆಂದು ಬಂದವನ ಕಾಲು ಹೊಸ್ತಿಲು ದಾಟಿರಲಿಲ್ಲ. ಸೂಡಿ ಸರ್ ಅವನನ್ನು ನೋಡಿದರು. ಆಮೇಲೆ ನನ್ನ ಅಂಚನ್ನು ನೋಡಿದರು. 'ಹೊಂಬಳ, ರೂಂ ೧೪.' ಜೇಬಿನಿಂದ ಕೈ ಖಾಲಿಯಾಗಿ ಹೊರಬಂತು. ಬಗ್ಗಿ, ಧೂಳು ಕೊಡವುವವರಂತೆ, ನನ್ನ ಬಲಗಾಲನ್ನು ಎರಡು ಮಡಿಕೆ ಮಡಚಿದರು.

ನಾಲ್ಕು ದಿನ ಬಿಟ್ಟು ನಾನು ಒಗೆಸಿಕೊಂಡು, ಮಡಿಸಿಕೊಂಡು ರೂಂ ಹದಿನಾಲ್ಕಕ್ಕೆ ಮರಳಿದೆ. ನನ್ನ ಲಾಡಿಗೆ ಆ ಚೀಟಿ ಕಟ್ಟಿತ್ತು, ಜೊತೆಗೆ ಒಂದಕ್ಷರವೂ ಇರಲಿಲ್ಲ. ಜೂನಿನ ಪಟ್ಟಿಯಲ್ಲಿ ಸೂಡಿ ಎಂಬ ಹೆಸರಿರಲಿಲ್ಲ. ಸಂಗ್ಯಾ ಮತ್ತೆ ನನ್ನನ್ನು ಕ್ಲಾಸಿಗೂ ತೊಡಲಿಲ್ಲ, ನಿದ್ದೆಗೂ ತೊಡಲಿಲ್ಲ. ಈಗ ಅವನ ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ನಡುವೆ ನನ್ನ ಮುಪ್ಪು ಸಾಗಿದೆ. ಅವನಿಗೂ ತಲೆ ನರೆತಿದೆ. ಒಮ್ಮೊಮ್ಮೆ ಮುಚ್ಚಳ ತೆಗೆದು, ಒಬ್ಬನೇ ಕೂತು ಒಂದು ನಗುವನ್ನು ಅನುಕರಿಸಲು ನೋಡುತ್ತಾನೆ. ಎಲ್ಲರ ದನಿಯೂ ಬರುತ್ತದೆ. ಆ ನಗು ಮಾತ್ರ ಬರುವುದಿಲ್ಲ.

ಬಾರದು. ಯಾಕೆಂದರೆ ಅಂದು ಕಮಿಟಿಯೆದುರು ನನ್ನೊಳಗಿದ್ದವರು ಅವರು, ಅವನಲ್ಲ. ಅಂಚು ಮಡಚಿ ನೆಟ್ಟಗೆ ನಿಂತ ಸೂಡಿ ಸರ್, "ಯಾರೂ ಫೋನ್ ಮಾಡಿಲ್ರಿ ಸರ. ಇದನ್ನ ಹಾಕ್ಕೊಂಡ ಬಂದ ಹುಡುಗನ್ನ ಮೂರು ದಿನ ಹೊರಗ ನಿಲ್ಲಿಸಿದ್ದೆ. ಇದರಾಗ ಏನೈತಿ ಅಂತ ನಾನೂ ಒಂದಿನ ನೋಡಿದ್ನಿ. ಭಾಳ ಗಾಳಿ ಆಡ್ತೈತ್ರಿ!" ಎಂದರು. ಕಮಿಟಿಯವರೊಬ್ಬರು ಕಿಸಕ್ಕೆಂದರು. ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಪ್ರಿನ್ಸಿಪಾಲರ ಹೊಟ್ಟೆಯೂ ಕುಣಿಯಿತು. ನನ್ನೊಳಗೆ ಎರಡು ಮೊಣಕಾಲುಗಳು ಗಡಗಡ ನಡುಗುತ್ತಿದ್ದವು. ಮೇಲೆ, ಎಲ್ಲರಿಗಿಂತ ಜೋರಾಗಿ, ಗೋಡೆಗಳು ಮರುದನಿ ಕೊಡುವಂತೆ, ಸೂಡಿ ಸರ್ ನಗುತ್ತಲೇ ಇದ್ದರು.