ಏಳನೇ ಅಧ್ಯಾಯದ ಚಿತ್ರ

ಚಿತ್ರದುರ್ಗದಲ್ಲಿ ಪ್ರೆಸ್ಸು ಇಟ್ಟಿದ್ದ ಈರಬಸಪ್ಪನವರು ತಮ್ಮ ಹೊಸ ಪುಸ್ತಕಕ್ಕೆ ಹನ್ನೆರಡು ಚಿತ್ರ ಬರೆದುಕೊಡಿ ಎಂದಾಗ ನಮ್ಮ ಮನೆಯವರಿಗೆ ಎರಡು ದಿನ ಊಟವೇ ಸರಿಯಾಗಿ ಸೇರಲಿಲ್ಲ. ಎಪ್ಪತ್ತಮೂರನೇ ಇಸವಿ. ಇವರು ಹೊಳಲ್ಕೆರೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಲ್ಲಿಯವರೆಗೆ ಅಂಗಡಿ ಬೋರ್ಡು, ಲಗ್ನಪತ್ರಿಕೆಯ ಗಣಪತಿ ಬಿಟ್ಟರೆ ಇವರ ಕೈಯ ಚಿತ್ರವನ್ನು ಹೊರಗಿನವರು ಯಾರೂ ಕೇಳಿರಲಿಲ್ಲ.

ಅದು ಫ್ರೆಂಚಿನಿಂದ ಕನ್ನಡಕ್ಕೆ ತಂದ ಹಳೆಯ ಕಾಲದ ಕಥೆ. ಟೋಪಿ ಹೊಲಿಯುವವನ ಮಗಳೊಬ್ಬಳು ರಾಜನ ಕಣ್ಣಿಗೆ ಬಿದ್ದು ಅರಮನೆ ಸೇರುತ್ತಾಳೆ. ಕೈಬರಹದ ಹಾಳೆಗಳು ಮನೆಗೆ ಬಂದವು. ಬೇಳೆ ಬೇಯುವಷ್ಟು ಹೊತ್ತು, ಸಣ್ಣ ಮಗಳು ತೊಟ್ಟಿಲಲ್ಲಿ ಮಲಗಿದಷ್ಟು ಹೊತ್ತು ನಾನು ಓದುತ್ತಿದ್ದೆ. ಮೊದಮೊದಲು ದೊಡ್ಡವಳು ಹತ್ತಿರ ಬಂದರೆ ಹಾಳೆ ಮಗುಚಿಡುತ್ತಿದ್ದೆ. ರಾಜ ಅವಳ ಕೈಗವಸಿನ ಒಂದೊಂದೇ ಬೆರಳು ಬಿಡಿಸುವುದಕ್ಕೆ ಬರೆದವರು ಒಂದು ಪುಟ ತೆಗೆದುಕೊಂಡಿದ್ದರು. ಸಾರು ಎರಡು ಸಲ ತಳ ಹಿಡಿಯಿತು.

ಮಾದರಿಗೆಂದು ಈರಬಸಪ್ಪನವರು ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಅದರ ತುಂಬ ಅಂಥದೇ ಚಿತ್ರಗಳು: ಛತ್ರಿಯಂತೆ ಅರಳಿದ ಲಂಗ, ಗೋಪುರದಂಥ ಕೂದಲು, ಕುದುರೆ ಗಾಡಿ. ಅವನ್ನು ನೋಡಿಕೊಂಡು ಇವರು ಹನ್ನೊಂದು ಚಿತ್ರ ಮುಗಿಸಿದರು. ಏಳನೇ ಅಧ್ಯಾಯದ್ದಕ್ಕೆ ಮಾತ್ರ ಕೈ ನಿಂತುಬಿಟ್ಟಿತು. ಅಲ್ಲಿ ಅವಳು ಸ್ನಾನಕ್ಕೆ ಕುಳಿತಿರುತ್ತಾಳೆ, ಬೆನ್ನು ನಮ್ಮ ಕಡೆಗೆ. ಅಂಥ ಚಿತ್ರ ಮಾದರಿ ಪುಸ್ತಕದಲ್ಲಿರಲಿಲ್ಲ. ಇವರು ನಾಲ್ಕು ಹಾಳೆ ಹರಿದುಹಾಕಿದರು.

"ಬೆನ್ನು ಬರ್ತಿಲ್ಲ ಕಣೆ. ಗೋಡೆ ತರ ಆಗ್ತೈತೆ."

"ಯಾಕೆ, ಬೆನ್ನು ನೋಡಿಲ್ವಾ ನೀವು?"

"ನೋಡೀನಿ. ಬರೆಯಾಕೆ ಅಂತ ನೋಡಿಲ್ಲ."

ಅದಕ್ಕೆ ನಾನು ನಕ್ಕೆ. ನಕ್ಕಿದ್ದೇ ಒಪ್ಪಿಗೆಯಾಯಿತು. ಮರುದಿನ ಮಧ್ಯಾಹ್ನ, ದೊಡ್ಡವಳು ಸ್ಕೂಲಿನಲ್ಲಿದ್ದಾಗ, ಬಾಗಿಲಿಗೆ ಚಿಲಕ ಹಾಕಿ, ಬಚ್ಚಲ ಮುಂದೆ ಮಣೆಯ ಮೇಲೆ ಕುಳಿತೆ. ಕೂದಲನ್ನು ಎಡಗೈಯಿಂದ ಮೇಲೆತ್ತಿ ಹಿಡಿದಿದ್ದೆ. ಎರಡು ಹೆತ್ತ ಮೈ, ಇದರಲ್ಲಿ ಏನು ಕಾಣುತ್ತಾರೋ ಎಂದುಕೊಂಡೆ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಬೆನ್ನಿಗೆ ತಾಗುತ್ತಿರುವಂತೆ ಅನ್ನಿಸುತ್ತಿತ್ತು. ಸಣ್ಣವಳು ಎದ್ದು ಅಳುವವರೆಗೂ ಹಾಗೇ ಇದ್ದೆ. ಇವರು ಚಿತ್ರವನ್ನು ನನಗೆ ತೋರಿಸದೆ ಸುರುಳಿ ಸುತ್ತಿ ಪ್ರೆಸ್ಸಿಗೆ ಕಳಿಸಿದರು. ನಾನೂ ಕೇಳಲಿಲ್ಲ.

ತಿಂಗಳ ಮೇಲೆ ಪ್ರೂಫುಗಳು ಟಪಾಲಿನಲ್ಲಿ ಬಂದವು. ಇವರು ಡ್ರಾಯಿಂಗ್ ಪರೀಕ್ಷೆ ನಡೆಸಲು ಹಿರಿಯೂರಿಗೆ ಹೋಗಿದ್ದರು, ಬರುವುದು ಶನಿವಾರ. ಮಾಡದಕೆರೆಯಿಂದ ನನ್ನ ಅಕ್ಕ ಮುದ್ದಕ್ಕ ಬಂದಿದ್ದಳು. ಲಕೋಟೆ ಒಡೆದವಳೂ ಅವಳೇ.

"ಅಯ್ಯೋ, ಎಂಥ ಲಂಗನೇ ಇದು! ಬಾಗಿಲಲ್ಲಿ ತೂರ್ತಾವೇನೆ ಇವು?" ಎಂದು ನಗುತ್ತ ಒಂದೊಂದೇ ತಿರುವುತ್ತಿದ್ದವಳು ಒಂದನ್ನು ಕಣ್ಣ ಹತ್ತಿರ ಹಿಡಿದಳು. ಆಮೇಲೆ ಮೆಲ್ಲಗೆ, "ಲೇ, ಇದು ನೀನು" ಎಂದಳು.

"ಮುಖನೇ ಕಾಣಾಕಿಲ್ಲ, ನಾನು ಅಂತ ಹೆಂಗೆ?"

"ಮುಖ ಯಾಕೆ ಬೇಕು? ಕೈ ನೋಡೇ."

ನೋಡಿದೆ. ಕೂದಲು ಎತ್ತಿ ಹಿಡಿದ ಮುಂಗೈಯಲ್ಲಿ ಹಚ್ಚೆಯ ಚೇಳು. ನನಗೆ ಏಳು ವರ್ಷವಿದ್ದಾಗ ಹಚ್ಚೆ ಹಾಕುವವಳು ಸೂಜಿ ಚುಚ್ಚುವಾಗ ನೋವಿಗೆ ಕೈ ಎಳೆದುಕೊಂಡಿದ್ದೆ. ಕೊಂಡಿ ಸೊಟ್ಟಗಾಯಿತು. ಮಾಡದಕೆರೆಯಲ್ಲಿ ಸೊಟ್ಟ ಚೇಳಿನೋಳು ಎಂದರೆ ಇವತ್ತಿಗೂ ನಾನೇ. ಇವರು ಆ ಸೊಟ್ಟನ್ನೂ ಬಿಡದೆ ಬರೆದಿದ್ದರು.

"ಅಣ್ಣ ಊರಿಗೆಲ್ಲ ಹೇಳ್ಕಂಡು ತಿರುಗ್ತಾನೆ, ನಮ್ ತಂಗಿ ಗಂಡನ ಚಿತ್ರದ ಪುಸ್ತಕ ಬರ್ತೈತೆ, ಜಗಲಿ ಮೇಲಿಟ್ಟು ಎಲ್ರಿಗೂ ತೋರುಸ್ತೀನಿ ಅಂತ," ಎಂದಳು ಮುದ್ದಕ್ಕ. "ಮೇಷ್ಟ್ರು ಹೆಂಡ್ತಿನ ಬೆತ್ತಲೆ ಕುಂಡ್ರಿಸಿ ಬರೆದವ್ರೆ ಅಂತ ಒಂದು ಬಾಯಿ ಅಂದ್ರೆ ಸಾಕು. ನೀನು ಊರಿಗೆ ಬರೋದು ಹೆಂಗೆ? ಅವ್ರು ಸ್ಕೂಲಿಗೆ ಹೋಗೋದು ಹೆಂಗೆ?"

ಜೊತೆಗಿದ್ದ ಚೀಟಿಯಲ್ಲಿ, ಗುರುವಾರ ಮಧ್ಯಾಹ್ನ ಚಿತ್ರಗಳು ಅಚ್ಚಿಗೆ ಹೋಗುತ್ತವೆ ಎಂದಿತ್ತು. ಅವತ್ತು ಬುಧವಾರ ಸಂಜೆ.

ಮಕ್ಕಳನ್ನು ಅಕ್ಕನ ಹತ್ತಿರ ಬಿಟ್ಟು ಬೆಳಗಿನ ಬಸ್ಸು ಹತ್ತಿದೆ. ಹಚ್ಚೆ ತೆಗೆಯಿರಿ ಎನ್ನಬೇಕು. ಯಾಕೆ ಎಂದು ಕೇಳಿದರೆ ಏನು ಹೇಳಲಿ? ನಿಜ ಹೇಳಿದರೆ, ಇಷ್ಟು ದಿನ ಯಾರಿಗೂ ಗೊತ್ತಿಲ್ಲದ್ದನ್ನು ನಾನೇ ಹೋಗಿ ಸಾರಿದಂತೆ. ಚಿತ್ರದುರ್ಗದಲ್ಲಿ ಇಳಿಯುವವರೆಗೂ ದಾರಿ ಹೊಳೆಯಲಿಲ್ಲ. ಸೆರಗನ್ನು ಎಡಗೈಗೆ ಸುತ್ತಿಕೊಂಡು ಪ್ರೆಸ್ಸಿನ ಮೆಟ್ಟಿಲು ಹತ್ತಿದೆ.

"ಓ, ಮೇಷ್ಟ್ರ ಮನೆಯೋರು! ಬರ್ರಿ, ಕುಂತ್ಕಳ್ರಿ," ಎಂದರು ಈರಬಸಪ್ಪನವರು. ಒಳಗೆ ಯಂತ್ರದ ಹತ್ತಿರ ಬೋರಪ್ಪ ಎಂಬ ಮುದುಕರು ಮಸಿ ಕಲಸುತ್ತಿದ್ದರು.

"ಏಳನೇ ಚಿತ್ರದಲ್ಲಿ ಒಂದು ತಪ್ಪೈತೆ. ಆ ಹೆಂಗಸಿನ ಕೈಮೇಲೆ ಏನೋ ಬಂದುಬಿಟ್ಟೈತೆ. ಅದನ್ನ ತೆಗೀಬೇಕು. ಇವ್ರು ಊರಲ್ಲಿಲ್ಲ, ಬರೋದು ಶನಿವಾರ."

ಅವರು ಪ್ರೂಫು ನೋಡಿದರು. "ಇದಾ? ಕೈಗೆ ಹಾಕೋ ಒಡವೆ ಅಂದ್ಕಂಡಿದ್ದೆ. ಮೇಷ್ಟ್ರನ್ನ ಕೇಳ್ದೆ ಹೆಂಗಮ್ಮ ತೆಗೆಯೋದು? ಶನಿವಾರದವರೆಗೆ ಯಂತ್ರ ಕಾಯಾಕಿಲ್ಲ. ಇರ್ಲಿ ಬಿಡ್ರಿ, ಚೆಂದ ಐತೆ."

ಆಗ ಹೊಳೆಯಿತು. "ಒಡವೆ ಇರಾಕಿಲ್ಲ. ಏಳನೇ ಅಧ್ಯಾಯ ತೆಗೆದು ನೋಡ್ರಿ. ಸ್ನಾನಕ್ಕೆ ಮುಂಚೆ ಬಳೆ, ಉಂಗುರ, ತೋಳಬಂದಿ ಎಲ್ಲ ಬಿಚ್ಚಿ ಮೇಜಿನ ಮೇಲಿಡ್ತಾಳೆ. ಬರಿಗೈಯಲ್ಲಿ ಕುಂತ್ಕಂಡ್ಲು, ಅಪ್ಪನ ಮನೆಯಿಂದ ಬಂದ ದಿನ ಇದ್ದಂಗೆ, ಅಂತ ಬರೆದವ್ರೆ."

ಅವರು ಅಚ್ಚಾದ ಹಾಳೆಗಳನ್ನು ಹುಡುಕಿ, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. "ಹೌದಲ್ರಿ! ಬರಿಗೈ ಅಂತಲೇ ಐತೆ. ನೀವು ಇಲ್ಲಿಗೆ ಪ್ರೂಫ್ ನೋಡಾಕೆ ಬಂದ್ರೆ ನನ್ನ ಕಣ್ಣು ಉಳೀತಾವೆ."

ಬೋರಪ್ಪನವರು ಚಿತ್ರ ಕೊರೆದಿದ್ದ ಸತುವಿನ ಬ್ಲಾಕನ್ನು ಬೆಳಕಿಗೆ ತಂದರು. ಅದರಲ್ಲಿ ಎಲ್ಲವೂ ತಿರುಗುಮುರುಗು. "ಯಾವುದನ್ನ ತೆಗೀಬೇಕು, ತೋರ್ಸಮ್ಮ," ಎಂದರು. ನಾನು ಬಗ್ಗಿ ತೋರಿಸಿದೆ. ಸೆರಗು ಜಾರಿತು. ಅವರ ಕಣ್ಣು ನನ್ನ ಮುಂಗೈಯ ಮೇಲೆ ಒಂದು ಗಳಿಗೆ ನಿಂತಿತು. ಬೇಗ ಸೆರಗು ಎಳೆದುಕೊಂಡೆ.

ಮುದುಕರು ತಲೆ ಬಗ್ಗಿಸಿ ಸಣ್ಣ ಉಳಿ ಕೈಗೆತ್ತಿಕೊಂಡರು. ಆಚೆ ಕುಳಿತಿದ್ದ ಧಣಿಗೂ ಕೇಳುವಂತೆ, "ಡ್ರಾಯಿಂಗ್ ಮೇಷ್ಟ್ರುಗಳೇ ಹಿಂಗೆ, ಏನೋ ಗೀಚಿಬಿಡ್ತಾರೆ," ಎಂದರು. ಗೀರು ಗೀರಾಗಿ ಸತು ಎದ್ದು ಬಂತು. ಮಸಿ ಹಚ್ಚಿ ಒಂದು ಹಾಳೆ ಒತ್ತಿ ನನ್ನ ಕೈಗೆ ಕೊಟ್ಟರು. "ಸರಿ ಆಯ್ತಾ ತಾಯಿ?"

ಆಗಲೇ ನಾನು ಆ ಚಿತ್ರವನ್ನು ಸಮಾಧಾನವಾಗಿ ನೋಡಿದ್ದು. ಹಿಂದಿನ ಸಂಜೆ ಚೇಳು ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಕತ್ತಿನಿಂದ ಸೊಂಟದವರೆಗೆ ಒಂದೇ ಗೆರೆ ಇಳಿದಿತ್ತು, ಎಲ್ಲೂ ಪೆನ್ನು ಎತ್ತದೆ. ಮಕ್ಕಳನ್ನು ಎತ್ತಿ ಎತ್ತಿ ಒಂದು ಭುಜ ಸ್ವಲ್ಪ ಇಳಿದಿರುವುದನ್ನೂ ಇವರು ಬಿಟ್ಟಿರಲಿಲ್ಲ. ಅದೂ ಚೆನ್ನಾಗಿಯೇ ಇತ್ತು. "ಆಯ್ತು," ಎಂದೆ.

ಶನಿವಾರ ಇವರಿಗೆ ಹೇಳಿದಾಗ ತುತ್ತು ಕೈಯಲ್ಲೇ ನಿಂತಿತು. "ಹಾಕಿದ್ದೇ ಗೊತ್ತಿಲ್ಲ ಕಣೆ. ನಿನ್ನ ಕೈ ಅಂದ್ಮೇಲೆ ತಾನೇ ಬಂದುಬಿಟ್ಟೈತೆ. ಬೈತೀಯಾ?"

"ಉಂಡು ಏಳ್ರಿ," ಎಂದೆ.

ಬೇಸಿಗೆ ರಜೆಯಲ್ಲಿ ಮಾಡದಕೆರೆಗೆ ಹೋದೆವು. ಅಣ್ಣ ಬೀರಪ್ಪ ಹೇಳಿದಂತೆಯೇ ಪುಸ್ತಕವನ್ನು ಜಗಲಿಯ ಮೇಲೆ ಚಾಪೆ ಹಾಸಿ ಇಟ್ಟಿದ್ದ. ಗಂಡಸರು ಕುದುರೆ ಗಾಡಿ ನೋಡಿ ಹೋದರು. ಮಧ್ಯಾಹ್ನ ಹೆಂಗಸರು ಬಂದು ಕುಳಿತರು. ಪಕ್ಕದ ಮನೆಯ ಏಕಾಂತಮ್ಮ ಏಳನೇ ಚಿತ್ರದ ಹತ್ತಿರ ಕೈ ನಿಲ್ಲಿಸಿದಳು. ನಾನು ಅಡುಗೆಮನೆ ಬಾಗಿಲಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದೆ. ಮುದ್ದಕ್ಕ ನನ್ನ ಕಡೆ ನೋಡಬಾರದೆಂದು ಛಾವಣಿ ನೋಡುತ್ತಿದ್ದಳು.

"ಥೂ, ಮೈಮೇಲೆ ಬಟ್ಟೆನೇ ಇಲ್ಲ!" ಎಂದಳೊಬ್ಬಳು.

"ಸ್ನಾನಕ್ಕೆ ನೀನು ಕಂಬಳಿ ಹೊದ್ಕಂಡು ಕುಂತ್ಕಳ್ತೀಯಾ?" ಎಂದಳು ಏಕಾಂತಮ್ಮ. ಎಲ್ಲರೂ ನಕ್ಕರು. ಅವಳು ಪುಸ್ತಕವನ್ನು ಇನ್ನಷ್ಟು ಹತ್ತಿರ ಹಿಡಿದಳು. "ಯಾವ ದೇಶದೋಳೋ ಏನೋ. ಎಷ್ಟು ಚೆಂದ ಕುಂತವಳೆ ನೋಡ್ರೇ."

ನಾನು ಈಳಿಗೆಮಣೆಯ ಮೇಲೆ ಬೆನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡು, ಇನ್ನೊಂದು ಸೌತೆಕಾಯಿ ಎತ್ತಿಕೊಂಡೆ.