ನಾಲೆಯಲ್ಲಿ ತೊಳೆದ ಸೊಪ್ಪು

ನಾಲೆಯ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಪುಟ್ಟತಾಯಮ್ಮ, ತೇಲಿಬಂದ ಡೈಪರೊಂದನ್ನು ಕಡ್ಡಿಯಿಂದ ಆಚೆಗೆ ತಳ್ಳಿದಳು. ಅದರ ಹಿಂದೆಯೇ ಕೋಳಿಪುಕ್ಕ ಬಂತು, ಎಂಜಲೆಲೆ ಬಂತು, ಬಣ್ಣಬಣ್ಣವಾಗಿ ಹರಡಿದ ಎಣ್ಣೆಯ ಜಿಡ್ಡು ಬಂತು. ಮೂಗಿಗೆ ಸೆರಗು ಒತ್ತಿಕೊಂಡು, ಅವೆಲ್ಲ ಮುಂದಕ್ಕೆ ಹೋಗುವವರೆಗೆ ಕಾದಳು. ಆಮೇಲೆ ಕುಕ್ಕೆಯಲ್ಲಿದ್ದ ಒಂದೆಲಗದ ಸೊಪ್ಪನ್ನು ಅದೇ ನೀರಿಗೆ ಅದ್ದಿ, ಬೇರಿನ ಮಣ್ಣು ಬಿಡಿಸಿ ತೊಳೆದಳು.

ಹೊಣಕೆರೆ ಕಡೆಯಿಂದ ಪಾಂಡವಪುರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅವಳ ಬದುಕೆಲ್ಲ ಸೊಪ್ಪು, ನಾರು, ಬೇರಿನಲ್ಲೇ ಕಳೆದಿತ್ತು. ಬಾಣಂತಿಗೆ ಏನು ಕೊಡಬೇಕು, ಕೆಮ್ಮುವ ಕೂಸಿಗೆ ಯಾವ ಬೇರು ತೇಯಬೇಕು ಎಂದು ಕಲಿಸಿದವಳು ಅತ್ತೆ. ಜೊತೆಗೆ ಒಂದು ಕಟ್ಟುಪಾಡನ್ನೂ ಹೇಳಿಕೊಟ್ಟಿದ್ದಳು: ಔಷಧಿಯ ಸೊಪ್ಪನ್ನು ನಿಂತ ನೀರಿನಲ್ಲಿ ತೊಳೆಯಬಾರದು, ಹರಿಯುವ ನೀರಿನಲ್ಲೇ ತೊಳೆಯಬೇಕು, ಇಲ್ಲವಾದರೆ ಗುಣ ಕೆಡುತ್ತದೆ. ಮನೆ ಮುಂದೆ ನಲ್ಲಿ ಬಂದು ಎಷ್ಟೋ ಕಾಲವಾಗಿತ್ತು. ಆದರೆ ನಲ್ಲಿಯ ನೀರು ಟ್ಯಾಂಕಿನಲ್ಲಿ ನಿಂತದ್ದಲ್ಲವೇ? ಪುಟ್ಟತಾಯಮ್ಮ ನಾಲೆಗೇ ಹೋಗುತ್ತಿದ್ದಳು.

ಸೊಪ್ಪಿನ ರಸ ಕುಡಿದು ಮುಖ ಹಿಂಡಿದ ಮಕ್ಕಳ ಅಂಗೈಗೆ ಅವಳು ಬೆಲ್ಲದ ಚೂರು ಇಡುತ್ತಿದ್ದಳು. ಬೆಲ್ಲದ ಆಸೆಗೇ ಬರುವ ಮಕ್ಕಳಿದ್ದವು. ಹಿಂದಿನ ಬೀದಿಯ ಅಣ್ಣಮ್ಮನ ಮೊಮ್ಮಗ ಕಿಶನ್ ಅಂಥವನು; ಅಂದು ತೊಳೆದ ಸೊಪ್ಪಿನ ರಸವನ್ನೂ ಕುಡಿದು ಹೋಗಿದ್ದ.

ಆ ವಾರವೇ ಕಿಶನ್‌ನ ತಾಯಿ ಶ್ವೇತ ಕೆದರಿದ ತಲೆಯಲ್ಲಿ ಓಡಿಬಂದಳು. ಹಿಂದೆಯೇ ಏದುಸಿರು ಬಿಡುತ್ತ ಅಣ್ಣಮ್ಮ.

"ಅಜ್ಜಿ, ಕಿಶನ್‌ಗೆ ವಾಂತಿ ಭೇದಿ ನಿಲ್ತಾನೇ ಇಲ್ಲ. ಆಸ್ಪತ್ರೇಲಿ ಡ್ರಿಪ್ ಹಾಕವ್ರೆ. ಏನ್ ಕುಡಿಸಿದ್ರಿ ಅಂದ್ರು ಡಾಕ್ಟ್ರು. ಒಂದೆಲಗದ ರಸ ಅಂದೆ. ಯಾವ ನೀರಲ್ಲಿ ತೊಳ್ದಿದ್ದು, ಕೇಳ್ಕೊಂಡ್ ಬನ್ನಿ ಅಂದ್ರು."

"ನೋಡಕ್ಕ, ಅದ್ಕೆ ಇವ್ಳು ಇಲ್ಲೀಗಂಟ ಓಡ್ಬಂದವ್ಳೆ," ಎಂದಳು ಅಣ್ಣಮ್ಮ. "ಇವ್ಳ ಗಂಡನ್ನ ಬೆಳ್ಸಿದ್ದೇ ನಿನ್ ಸೊಪ್ಪು." ಸೊಸೆಯ ಕಡೆ ತಿರುಗಿದಳು. "ಬೀದೀಲಿ ಗೋಬಿ ತಿನ್ಸುದ್ಯಲ್ಲವ್ವ, ಅದ್ನ ಹೇಳ್ದ್ಯಾ ಡಾಕ್ಟ್ರಿಗೆ?"

"ಅದ್ನೂ ಹೇಳ್ದೆ ಅತ್ತೆ. ಗೋಬಿ ನಾನೂ ತಿಂದಿದ್ದೆ. ನಂಗೇನೂ ಆಗಿಲ್ವಲ್ಲ."

"ನಾಲೆ ನೀರು ಕಣವ್ವ. ಹರಿಯೋ ನೀರು," ಎಂದಳು ಪುಟ್ಟತಾಯಮ್ಮ. ಹೇಳುತ್ತಿದ್ದಂತೆಯೇ ಆ ಡೈಪರು ಕಣ್ಣ ಮುಂದೆ ತೇಲಿತು. ಅವಳೂ ಅವರ ಜೊತೆ ಆಸ್ಪತ್ರೆಗೆ ಹೊರಟಳು.

ಮಗುವಿನ ಕಣ್ಣುಗಳು ಗುಳಿಬಿದ್ದಿದ್ದವು. ಅವಳನ್ನು ಕಂಡದ್ದೇ ಅದು ಸೂಜಿ ಚುಚ್ಚದ ಕೈಯನ್ನು ಚಾಚಿ, "ಅಜ್ಜಿ, ಬೆಲ್ಲ?" ಎಂದಿತು. ಆ ಪುಟ್ಟ ಕೈಗೆ ಏನನ್ನೂ ಇಡಲಾರದೆ ಪುಟ್ಟತಾಯಮ್ಮ ಹೊರಗೆ ಬಂದು, ಗೋಡೆ ಹಿಡಿದು ಓಕರಿಸಿದಳು.

ಮಾರನೆಯ ಬೆಳಿಗ್ಗೆ ಅವಳು ಸೊಪ್ಪಿಗೆ ಹೋಗಲಿಲ್ಲ. ಈ ಹೊಲಸು ಎಲ್ಲಿಂದ ಬರುತ್ತದೆಂದು ನೋಡಲು ನಾಲೆಯ ಏರಿ ಹಿಡಿದು ಮೇಲಕ್ಕೆ ನಡೆದಳು. ಸೇತುವೆಯ ಬಳಿ ಲಗೇಜ್ ಆಟೋವೊಂದು ನಿಂತಿತ್ತು. ಒಬ್ಬಾತ ಚೀಲವನ್ನು ಕಟ್ಟೆಯ ಮೇಲೆ ಎತ್ತಿಟ್ಟು ಬಾಯಿ ಬಿಚ್ಚಿದ. ಬಾಳೆಲೆ, ಮೂಳೆ, ಹಳಸಿದ ಸಾರು ದಬದಬನೆ ನೀರಿಗೆ ಬಿದ್ದವು. ಅವನು ಅವಳ ಮಗ ಶಂಕರ್. ಸ್ಟೇಷನ್ ರಸ್ತೆಯಲ್ಲಿ ಮೆಸ್ ಇಟ್ಟುಕೊಂಡು, ಹಸಿದು ಬಂದ ಕೂಲಿಯವರಿಗೆ ಕೇಳುವ ಮೊದಲೇ ಇನ್ನೊಂದು ಸೌಟು ಅನ್ನ ಬಡಿಸುವ ಶಂಕರ್.

"ಏನ್ಲಾ ಇದು?"

ಅವನು ಬೆಚ್ಚಿದ. "ಏನವ್ವ, ಇಷ್ಟ್ ದೂರ ಬಂದ್ಬುಟ್ಟೆ? ಮೆಸ್ಸಿನ ಕಸ ಕಣವ್ವ."

"ಕೆಳ್ಗಡೆ ಜನ ಇಲ್ವೇನ್ಲಾ?"

"ನಾನೊಬ್ನೇನಾ? ಛತ್ರದೋರು ಹಾಕ್ತಾರೆ, ಕೋಳಿ ಅಂಗ್ಡಿಯೋರು ಹಾಕ್ತಾರೆ. ಕಸದ ಗಾಡಿ ಬರೋದು ಅವ್ರಿಗೆ ಮನ್ಸು ಬಂದಾಗ. ಮೆಸ್ ಮುಂದೆ ನಾತ ಹೊಡುದ್ರೆ ಊಟಕ್ಕೆ ಯಾರ್ ಬತ್ತಾರೆ?" ಆಮೇಲೆ ಸಮಾಧಾನ ಹೇಳುವವನಂತೆ, "ಹರಿಯೋ ನೀರಲ್ವೇನವ್ವ? ಎಲ್ಲಾನೂ ತಗೊಂಡೋಯ್ತದೆ ಬುಡು. ನೀನೇ ಹೇಳ್ತಿದ್ದೆಯಲ್ಲ," ಎಂದ.

ಈ ಮಾತನ್ನು ಅವನು ಕಲಿತದ್ದು ಚಿಕ್ಕಂದಿನಲ್ಲಿ ಪುಟ್ಟತಾಯಮ್ಮನ ಪಕ್ಕದಲ್ಲಿ ಕುಳಿತು, ಅವಳು ಸೊಪ್ಪು ತೊಳೆಯುವುದನ್ನು ನೋಡುತ್ತಲೇ. ಅವಳಿಗೆ ನೀರಿಗಿಂತ, ಮಗನಿಗಿಂತ ತನ್ನ ಕೈಗಳ ಮೇಲೇ ಹೇಸಿಗೆ ಹುಟ್ಟಿತು. ಆಟೋದಲ್ಲಿ ಇನ್ನೊಂದು ಚೀಲ ಉಳಿದಿತ್ತು. ಅವಳು ಹತ್ತಿ ಅದರ ಪಕ್ಕದಲ್ಲೇ ಕುಳಿತು, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡಳು.

"ಮನೆಗೆ ನಡಿ."

"ಅವ್ವ, ಸೋರ್ತಾ ಅದೆ. ಸೀರೆ ನೋಡ್ಕೊ."

"ನಡಿ ಅಂದೆ."

ದಾರಿಯಲ್ಲಿ ಅವಳು ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಬಾಗಿಲಲ್ಲೇ ನಿಂತು ಶ್ವೇತಳನ್ನು ಕರೆದು, "ಡಾಕ್ಟ್ರಿಗೆ ಹೇಳವ್ವ, ಕೊಚ್ಚೆ ಸೇರಿದ ನಾಲೆ ನೀರು ಅಂತ. ಕಣ್ಣಾರ ನೋಡ್ಕೊಂಡೇ ತೊಳ್ದೆ," ಎಂದಳು. ಶ್ವೇತಳ ಮುಖ ಕೆಂಪಾಯಿತು. ಮುದುಕಿಯ ಸೀರೆಯ ಮೇಲಿನ ಕಲೆ ನೋಡಿ, ಡಾಕ್ಟರನ್ನು ಹುಡುಕಿಕೊಂಡು ಒಳಗೆ ಹೋದಳು.

ಮನೆಗೆ ಬಂದ ಪುಟ್ಟತಾಯಮ್ಮ ಚೀಲವನ್ನು ಅಂಗಳದ ನಡುವೆ ಇರಿಸಿದಳು. ಎತ್ತಲು ಹೋದ ಮಗನನ್ನು ತಡೆದಳು. "ಇರ್ಲಿ. ಇಲ್ಲಿ ನೀರು ಹರಿಯಲ್ಲ. ಎಲ್ಲಿಗ್ ಹೋಯ್ತದೋ ನೋಡಾಣ."

ಎಲ್ಲಿಗೂ ಹೋಗಲಿಲ್ಲ. ಬಿಸಿಲೇರಿದಂತೆ ಚೀಲ ಉಬ್ಬಿತು, ನೊಣ ಮುತ್ತಿದವು, ಹುಳಿತ ರಸ ಬಾಗಿಲವರೆಗೆ ಹರಿದು ಬಂತು. ಶಂಕರ್ ಊಟಕ್ಕೆ ಕುಳಿತ. ಕಲಸಿದ ತುತ್ತು ಬಾಯಿಗೆ ಹೋಗಲಿಲ್ಲ.

"ಇದು ಒಂದ್ ಚೀಲ ಕಣ್ಲಾ," ಎಂದಳು ಅವಳು, ತಾನೂ ತಟ್ಟೆ ಸರಿಸುತ್ತ.

ಶಂಕರ್ ಎದ್ದು ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಗುದ್ದಲಿಯ ಸದ್ದು ಕೇಳಿಸಿತು.

ಸಂಜೆ ಅಣ್ಣಮ್ಮ ಮತ್ತು ಶ್ವೇತ ಬಂದರು. ಮಗುವಿಗೆ ವಾಂತಿ ನಿಂತಿತ್ತು, ಗಂಜಿ ಕುಡಿದು ಅಪ್ಪನ ಪಕ್ಕದಲ್ಲಿ ಮಲಗಿತ್ತು. ಅದನ್ನು ಹೇಳಿ ಹೋಗಲೆಂದೇ ಅವರು ಬಂದದ್ದು. ಆದರೆ ಅಂಗಳಕ್ಕೆ ಕಾಲಿಟ್ಟೊಡನೆ ಅಣ್ಣಮ್ಮ ಮೂಗು ಮುಚ್ಚಿಕೊಂಡಳು.

"ಥೂ, ಯಾವ್ ಮನೆಹಾಳ ತಂದು ಸುರುದ್ನಕ್ಕ ನಿನ್ ಬಾಗ್ಲಿಗೆ? ಅವನ್ ಕೈ ಸೇದೋಗ."

ಪುಟ್ಟತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ, ಮೊಣಕಾಲವರೆಗೆ ಮಣ್ಣು ಮೆತ್ತಿದ್ದ ಶಂಕರ್ ಹಿತ್ತಿಲಿನಿಂದ ಬಂದು ನಿಂತ.

"ನಾನೇ ಕಣತ್ತೆ. ನಿಮ್ ಕಿಶನ್ ಕುಡ್ದಿದ್ದೂ ಇದ್ನೇ."

ಅಣ್ಣಮ್ಮನ ಕೈ ಮೂಗಿನಿಂದ ಕೆಳಗಿಳಿಯಿತು. ಶ್ವೇತ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿತ್ತಿಲಿಗೆ ಹೋಗಿ ಗುಂಡಿಯನ್ನು ಇಣುಕಿ ನೋಡಿ ಬಂದಳು.

"ಸಾಲ್ದು ಅಣ್ಣ. ನಾಯಿ ಕೆದಕ್ತವೆ. ಇನ್ನೂ ಆಳ ತೆಗಿ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೀಲದ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಪುಟ್ಟತಾಯಮ್ಮ ಹಿಡಿದಳು. ಹಿತ್ತಿಲು ಮುಟ್ಟುವವರೆಗೂ ಅದು ಇಬ್ಬರ ಕೈ ಮೇಲೂ ಸೋರುತ್ತಲೇ ಇತ್ತು.